ತಂಡ ಬದಲಾಯಿತೋ, ಅಳತೆಗೋಲು ಬದಲಾಯಿತೋ?

ಐದು ಜನರ ಒಂದು ಟೀಮ್ ಇದೆ ಅಂದುಕೊಳ್ಳಿ. ಹೊಸ ಪ್ರಾಜೆಕ್ಟ್, ಹೊಸ ಮುಖಗಳು. ಮೊದಲ ತಿಂಗಳ ಕೊನೆಗೆ ಎಲ್ಲರಿಗೂ ಒಂದು ಸರ್ವೇ ಬರುತ್ತದೆ. ಅದರಲ್ಲಿ ಒಂದು ವಾಕ್ಯ: ‘ಕಷ್ಟದ ವಿಷಯವನ್ನೂ ಈ ತಂಡದಲ್ಲಿ ಮುಚ್ಚುಮರೆ ಇಲ್ಲದೆ ಮಾತಾಡಬಹುದು.’ ಒಪ್ಪಿಗೆ ಇಲ್ಲವೇ ಇಲ್ಲ ಅಂದರೆ 1, ಪೂರ್ತಿ ಒಪ್ಪಿಗೆ ಅಂದರೆ 5. ಐವರೂ 3 ಕೊಡುತ್ತಾರೆ. ಇನ್ನೂ ಯಾರ ಗುಣ ಏನು ಅಂತ ಗೊತ್ತಿಲ್ಲ. ನಡುವಿನ ಅಂಕ ಕೊಟ್ಟು ಸುಮ್ಮನಾಗುವುದು ಸಹಜ ಅಲ್ವಾ? ಸರಾಸರಿ 3.

ನಾಲ್ಕನೇ ತಿಂಗಳು ಅದೇ ಸರ್ವೇ. ಈಗ ಅಂಕಗಳು 5, 5, 3, 1, 1. ಸರಾಸರಿ ಮತ್ತೆ 3. ಎಂಟನೇ ತಿಂಗಳ ಹೊತ್ತಿಗೆ 1 ಕೊಟ್ಟಿದ್ದ ಇಬ್ಬರೂ ತಂಡ ಬಿಟ್ಟಿದ್ದಾರೆ. ಅವರ ಜಾಗಕ್ಕೆ ಬಂದ ಹೊಸಬರು ತಲಾ 4 ಕೊಡುತ್ತಾರೆ. ಹಳೆಯ ಮೂವರದು ಹೋದ ಸಲದ್ದೇ: 5, 5, 3. ಸರಾಸರಿ 4.2.

ಮ್ಯಾನೇಜರ್ ಮುಂದಿರುವ ಚಾರ್ಟ್‌ನಲ್ಲಿ ಮೂರೇ ಚುಕ್ಕಿಗಳು: 3, 3, 4.2. ಮೊದಲ ನಾಲ್ಕು ತಿಂಗಳು ಏನೂ ಆಗಲಿಲ್ಲ, ಆಮೇಲೆ ತಂಡ ಚೆನ್ನಾಗಿ ಕುದುರಿತು ಅಂತಲೇ ಯಾರಾದರೂ ಓದುತ್ತಾರೆ. ಆದರೆ ಆದದ್ದು ಅದರ ಉಲ್ಟಾ. ಮೊದಲ ನಾಲ್ಕು ತಿಂಗಳಲ್ಲೇ ತಂಡ ಎರಡು ಹೋಳಾಯಿತು. ಆಮೇಲಿನ ನಾಲ್ಕು ತಿಂಗಳಲ್ಲಿ ಉಳಿದವರ ಪೈಕಿ ಒಬ್ಬರ ಅಂಕವೂ ಕದಲಲಿಲ್ಲ. ಬೇಸತ್ತವರು ಹೊರಟುಹೋದರು, ಅಷ್ಟೇ.

ಇದು ಲೆಕ್ಕ ತೋರಿಸಲು ನಾನೇ ಕಟ್ಟಿದ ಉದಾಹರಣೆ. ಆದರೆ ತಂಡಗಳ ಬೆಳವಣಿಗೆ ಅಳೆಯಲು ಹೊರಟವರಿಗೆಲ್ಲ ಎದುರಾಗುವ ತೊಡಕು ಇದರಲ್ಲಿದೆ. ಅಂಕ ಏರಿತು ಅಂದಾಗ ಬದಲಾದದ್ದು ತಂಡವಾ, ತಂಡದಲ್ಲಿರುವ ಜನರಾ, ಅಥವಾ ಅಳತೆಗೋಲೇನಾ? ಈ ಮೂರನ್ನು ಬಿಡಿಸಿ ನೋಡುವುದೇ ಇಲ್ಲಿನ ದೊಡ್ಡ ಕೆಲಸ. ಉಳಿದದ್ದನ್ನು ಸಾಫ್ಟ್‌ವೇರ್ ಮಾಡುತ್ತದೆ.

ಐದು ಅಭಿಪ್ರಾಯ ಸೇರಿದರೆ ತಂಡದ ಅಭಿಪ್ರಾಯವೇ?

ತಂಡಕ್ಕೆ ಬಾಯಿ ಇಲ್ಲ. ಮಾತಾಡುವವರು ಒಬ್ಬೊಬ್ಬರೇ. ಅವರ ಅಂಕಗಳನ್ನು ಕೂಡಿಸಿ ಭಾಗಿಸಿ ‘ಇದು ತಂಡದ ಅಂಕ’ ಅನ್ನಬೇಕಾದರೆ, ಅವರಲ್ಲಿ ಒಂದಿಷ್ಟಾದರೂ ಒಮ್ಮತ ಇರಬೇಕು. ಒಬ್ಬರಿಗೆ ಸೆಖೆ, ಇನ್ನೊಬ್ಬರಿಗೆ ಚಳಿ ಅಂದಾಗ ‘ಕೋಣೆ ಹದವಾಗಿದೆ’ ಅಂತ ಬರೆದುಕೊಳ್ಳುವುದು ಸುಳ್ಳು ಲೆಕ್ಕ.

ಈ ಒಮ್ಮತವನ್ನು ಅಳೆಯಲು 1984ರಲ್ಲಿ ಲಾರೆನ್ಸ್ ಜೇಮ್ಸ್ ಮತ್ತು ಜೊತೆಗಾರರು ಒಂದು ಸೂಚ್ಯಂಕ ಕೊಟ್ಟರು. ಸಂಶೋಧಕರ ಬಾಯಲ್ಲಿ ಅದು ‘ಆರ್‌ಡಬ್ಲ್ಯೂಜಿ’. ಹೆಸರು ಕೇಳಿ ಹೆದರಬೇಡಿ, ಲೆಕ್ಕ ಸರಳ. ಎಲ್ಲರೂ ಕಣ್ಣು ಮುಚ್ಚಿಕೊಂಡು ಮನಸ್ಸಿಗೆ ಬಂದ ಅಂಕ ಕೊಟ್ಟರೆ ಉತ್ತರಗಳು ಎಷ್ಟು ಚದುರುತ್ತವೆ? 1ರಿಂದ 5ರ ಅಳತೆಗೆ ಆ ಚದುರುವಿಕೆ 2 ಆಗುತ್ತದೆ. ನಿಮ್ಮ ತಂಡದ ಉತ್ತರಗಳು ನಿಜವಾಗಿ ಎಷ್ಟು ಚದುರಿವೆ ನೋಡಿ, ಅದನ್ನು 2ರಿಂದ ಭಾಗಿಸಿ, ಬಂದದ್ದನ್ನು 1ರಿಂದ ಕಳೆಯಿರಿ. ಎಲ್ಲರೂ ಒಂದೇ ಅಂಕ ಕೊಟ್ಟಿದ್ದರೆ 1 ಬರುತ್ತದೆ. ಯದ್ವಾತದ್ವಾ ಇದ್ದರೆ ಸೊನ್ನೆಯ ಹತ್ತಿರ.

ನಮ್ಮ ಟೀಮ್‌ಗೆ ಹಾಕಿ ನೋಡೋಣ. ಮೊದಲ ತಿಂಗಳು ಎಲ್ಲರೂ 3, ಚದುರುವಿಕೆಯೇ ಇಲ್ಲ, ಸೂಚ್ಯಂಕ 1. ನಾಲ್ಕನೇ ತಿಂಗಳು 5, 5, 3, 1, 1. ಸರಾಸರಿಯಿಂದ ಪ್ರತಿ ಅಂಕದ ದೂರವನ್ನು ವರ್ಗ ಮಾಡಿದರೆ 4, 4, 0, 4, 4. ಕೂಡಿಸಿದರೆ 16. ಜನ ಐದು, ಅದಕ್ಕಿಂತ ಒಂದು ಕಮ್ಮಿ ಅಂದರೆ ನಾಲ್ಕರಿಂದ ಭಾಗಿಸಿದರೆ 4. ಕಣ್ಣು ಮುಚ್ಚಿ ಕೊಟ್ಟಿದ್ದರೂ 2 ಬರುತ್ತಿತ್ತು, ಇಲ್ಲಿ ಅದರ ಎರಡರಷ್ಟಿದೆ! ಸೂಚ್ಯಂಕ ಸೊನ್ನೆಗಿಂತ ಕೆಳಗೆ, ಮೈನಸ್ 1ಕ್ಕೆ ಇಳಿಯುತ್ತದೆ. ಇಂಥದ್ದನ್ನು ಸಾಮಾನ್ಯವಾಗಿ ಸೊನ್ನೆ ಅಂತಲೇ ಬರೆಯುತ್ತಾರೆ. ನಾನಾಗಿದ್ದರೆ ಮೈನಸ್ ಅನ್ನು ಹಾಗೇ ಬಿಡುತ್ತಿದ್ದೆ. ತಂಡ ಎರಡು ಬಣವಾಗಿದೆ ಎಂದು ಅದು ಕೂಗಿ ಹೇಳುತ್ತಿದೆ. ಎಂಟನೇ ತಿಂಗಳ ಲೆಕ್ಕ ಮಾಡಿದರೆ 0.65. ಸಾಮಾನ್ಯವಾಗಿ 0.70 ದಾಟಿದರೆ ‘ಒಮ್ಮತ ಇದೆ’ ಅನ್ನುವ ರೂಢಿ. ರೂಢಿ ಅಷ್ಟೇ, ಶಿಲಾಶಾಸನ ಅಲ್ಲ.

ಹಾಗಾಗಿ 3, 3, 4.2 ಅನ್ನುವ ಸಾಲಿನ ಕೆಳಗೆ 1, ಮೈನಸ್ 1, 0.65 ಅನ್ನುವ ಇನ್ನೊಂದು ಸಾಲು ಬೇಕು. ಎರಡನ್ನೂ ಒಟ್ಟಿಗೆ ಓದಿದರೆ ಕಥೆ ತಾನಾಗಿಯೇ ಹೊರಬರುತ್ತದೆ. ಒಮ್ಮತ ಹೆಚ್ಚುತ್ತಿದೆಯೋ ಒಡೆಯುತ್ತಿದೆಯೋ ಅನ್ನುವುದೇ ತಂಡದ ಬೆಳವಣಿಗೆಯ ಒಂದು ಗುರುತು. ಅದನ್ನು ಬರೀ ಸರಾಸರಿ ಹಾಕುವ ಮುಂಚಿನ ತಪಾಸಣೆ ಅಂತ ಬದಿಗಿಟ್ಟರೆ ಚಿನ್ನವನ್ನೇ ಬಿಸಾಡಿದ ಹಾಗೆ.

ಪ್ರಶ್ನೆ ಕೇಳುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ‘ನಾನು ಇಲ್ಲಿ ಧೈರ್ಯವಾಗಿ ಮಾತಾಡುತ್ತೇನೆ’ ಅಂದರೆ ಉತ್ತರ ನನ್ನ ಸ್ವಭಾವದ ಬಗ್ಗೆ. ‘ನಮ್ಮ ತಂಡದಲ್ಲಿ ಜನ ಧೈರ್ಯವಾಗಿ ಮಾತಾಡುತ್ತಾರೆ’ ಅಂದರೆ ತಂಡದ ಬಗ್ಗೆ. ಮಾತಿನ ಮಲ್ಲನೊಬ್ಬ ಮೊದಲನೆಯದಕ್ಕೆ 5, ಎರಡನೆಯದಕ್ಕೆ 2 ಕೊಡಬಹುದು.

ಯಾವಾಗ ಅಳೆಯಬೇಕು?

ತಂಡಗಳು ಹೇಗೆ ಬೆಳೆಯುತ್ತವೆ ಅಂತ ಯಾವ ತರಬೇತಿಯಲ್ಲಿ ಕೇಳಿದರೂ ಒಂದೇ ಉತ್ತರ: ಫಾರ್ಮಿಂಗ್, ಸ್ಟಾರ್ಮಿಂಗ್, ನಾರ್ಮಿಂಗ್, ಪರ್ಫಾರ್ಮಿಂಗ್. ಕೂಡುವುದು, ಕಿತ್ತಾಡುವುದು, ಹೊಂದಿಕೊಳ್ಳುವುದು, ಆಮೇಲೆ ಕೆಲಸಕ್ಕೆ ಇಳಿಯುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಇದನ್ನು ಬರೆದರು. 1977ರಲ್ಲಿ ಮೇರಿ ಆ್ಯನ್ ಜೆನ್ಸೆನ್ ಜೊತೆ ಸೇರಿ ಐದನೆಯದನ್ನು, ಅಂದರೆ ಚದುರಿಹೋಗುವ ಹಂತವನ್ನು ಸೇರಿಸಿದರು. ಪ್ರಾಸ ಎಷ್ಟು ಚೆನ್ನಾಗಿ ಕೂತಿದೆ ಅಂದರೆ ಒಮ್ಮೆ ಕೇಳಿದವರು ಮರೆಯುವುದಿಲ್ಲ. ಜನಪ್ರಿಯತೆಯ ಅರ್ಧ ಗುಟ್ಟು ಅದೇ ಇರಬೇಕು.

ಆದರೆ ಟಕ್‌ಮನ್ ಯಾವ ತಂಡದ ಪಕ್ಕದಲ್ಲೂ ಕೂತು ಅಳೆದು ಇದನ್ನು ಹೇಳಿದ್ದಲ್ಲ. ಬೇರೆಯವರು ಬರೆದಿದ್ದ 50 ಲೇಖನಗಳನ್ನು ಓದಿ, ಅವುಗಳಲ್ಲಿ ಕಂಡ ಹೋಲಿಕೆಗಳನ್ನು ಒಂದು ಕ್ರಮಕ್ಕೆ ತಂದರು. ಆ ಲೇಖನಗಳ ದೊಡ್ಡ ಪಾಲು ಮಾನಸಿಕ ಚಿಕಿತ್ಸೆಯ ಗುಂಪುಗಳು ಮತ್ತು ತರಬೇತಿ ಗುಂಪುಗಳ ಬಗ್ಗೆ ಇದ್ದವು. ಕೆಲಸ ಮುಗಿಸಿ ಒಪ್ಪಿಸಬೇಕಾದ ತಂಡಗಳು ಅದರಲ್ಲಿ ಕಮ್ಮಿ. ಈ ಮಿತಿಯನ್ನು ಅವರೇ ಒಪ್ಪಿಕೊಂಡಿದ್ದರು. ಅವರ ಆ ಎಚ್ಚರಿಕೆ ಮಾತ್ರ ಸ್ಲೈಡುಗಳಲ್ಲಿ ಕಾಣುವುದಿಲ್ಲ.

ಹಂತಗಳನ್ನು ನಿಜವಾಗಿ ಅಳೆಯುವ ಸಾಧನಗಳು ಆಮೇಲೆ ಬಂದವು. ಸೂಸನ್ ವೀಲನ್ ರೂಪಿಸಿದ ಪ್ರಶ್ನಾವಳಿಯಲ್ಲಿ 60 ವಾಕ್ಯಗಳಿವೆ. ನಾಲ್ಕು ಹಂತಗಳಿಗೆ ತಲಾ 15. ನಾಯಕನನ್ನೇ ನೆಚ್ಚಿಕೊಂಡಿರುವ ಹಂತ, ಜಗಳದ ಹಂತ, ನಂಬಿಕೆ ಕಟ್ಟುವ ಹಂತ, ಕೆಲಸದ ಹಂತ. ಇದರಲ್ಲಿ ನನಗೆ ಇಷ್ಟವಾಗುವ ಅಂಶ ಒಂದಿದೆ. ತಂಡವನ್ನು ಒಂದೇ ಡಬ್ಬಿಗೆ ತುಂಬುವ ಬದಲು ನಾಲ್ಕೂ ಹಂತಕ್ಕೆ ಬೇರೆ ಬೇರೆ ಅಂಕ ಸಿಗುತ್ತದೆ. ಜಗಳವೂ ಇದೆ, ಕೆಲಸವೂ ಸಾಗುತ್ತಿದೆ ಅನ್ನುವ ತಂಡಗಳನ್ನು ನಾವೆಲ್ಲ ನೋಡಿದ್ದೇವಲ್ಲ.

ಈ ಮೆಟ್ಟಿಲುಗಳ ಚಿತ್ರಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1988ರಲ್ಲಿ. ಕಾನಿ ಗರ್ಸಿಕ್ ಎಂಟು ತಂಡಗಳನ್ನು ಶುರುವಿನಿಂದ ಕೊನೆಯವರೆಗೆ ಹಿಂಬಾಲಿಸಿದರು. ಒಂದರ ಆಯಸ್ಸು ಏಳೇ ದಿನ, ಇನ್ನೊಂದರದು ಆರು ತಿಂಗಳು. ಯಾವುದೂ ಮೆಟ್ಟಿಲು ಹತ್ತಲಿಲ್ಲ. ಮೊದಲ ಸಭೆಯಲ್ಲೇ ಪ್ರತಿ ತಂಡವೂ ಒಂದು ದಾರಿ ಹಿಡಿಯಿತು ಮತ್ತು ಬಹಳ ಕಾಲ ಅದಕ್ಕೇ ಅಂಟಿಕೊಂಡಿತು. ಆಮೇಲೆ, ಸಮಯ ಹೆಚ್ಚುಕಮ್ಮಿ ಅರ್ಧ ಕಳೆದಾಗ, ಒಮ್ಮೆಲೇ ಮೈಕೊಡವಿ ಎದ್ದಿತು. ಹಳೆಯದನ್ನು ಬಿಟ್ಟಿತು, ಹೊರಗಿನವರನ್ನು ಕೇಳಿತು, ಹೊಸ ದಾರಿ ಹಿಡಿಯಿತು. ಏಳು ದಿನದ ತಂಡಕ್ಕೂ ಹಾಗೇ, ಆರು ತಿಂಗಳ ತಂಡಕ್ಕೂ ಹಾಗೇ. ಎಷ್ಟು ದಿನ ಕಳೆಯಿತು ಅನ್ನುವುದಕ್ಕಿಂತ ಎಷ್ಟು ಪಾಲು ಕಳೆಯಿತು ಅನ್ನುವುದು ಮುಖ್ಯವಾಗಿತ್ತು. ಮರುವರ್ಷ ಒಂದು ಗಂಟೆಯ ಅವಧಿ ಕೊಟ್ಟು ಪ್ರಯೋಗಾಲಯದಲ್ಲಿ ಎಂಟು ಗುಂಪುಗಳಿಗೆ ರೇಡಿಯೋ ಜಾಹೀರಾತು ತಯಾರಿಸಲು ಹೇಳಿದಾಗಲೂ ನಡುದಾರಿಯ ಈ ತಿರುವು ಕಂಡಿತು.

ಎಂಟು ತಂಡ ಅಂದರೆ ಸಣ್ಣ ಸಂಖ್ಯೆಯೇ. ಎಲ್ಲ ತಂಡಗಳೂ ಹೀಗೇ ಅನ್ನಲು ಅದು ಸಾಲದು. ಆದರೆ ಅಳೆಯುವವರಿಗೆ ಅದರಿಂದ ಒಂದು ನೇರ ಪಾಠ ಸಿಗುತ್ತದೆ. ಮೂರು ತಿಂಗಳಿಗೊಮ್ಮೆ ಅನ್ನುವುದು ಆಫೀಸಿನ ಕ್ಯಾಲೆಂಡರ್, ತಂಡದ ಕ್ಯಾಲೆಂಡರ್ ಅಲ್ಲ. ಹತ್ತು ವಾರದ ಪ್ರಾಜೆಕ್ಟ್‌ನ ಮೊದಲ ವಾರ ಒಮ್ಮೆ, ಕೊನೆಯ ವಾರ ಒಮ್ಮೆ ಅಳೆದರೆ, ಐದನೇ ವಾರ ನಡೆದ ಪಲ್ಟಿ ಕಾಣುವುದೇ ಇಲ್ಲ. ಎರಡು ಚುಕ್ಕಿಗಳ ನಡುವೆ ಎಳೆಯಲು ಬರುವುದು ನೇರ ಗೆರೆ ಒಂದೇ. ಏರಿ ಇಳಿಯಿತೋ, ಇಳಿದು ಏರಿತೋ ತಿಳಿಯಲು ಕಮ್ಮಿ ಅಂದರೂ ಮೂರು ಅಳತೆ ಬೇಕು. ನಾಲ್ಕೈದು ಇದ್ದರೆ ಇನ್ನೂ ಒಳ್ಳೆಯದು.

ಅಳತೆಗೋಲು ಹಿಗ್ಗಿದಾಗ

ನಾನು ಹಿಂದೆ ಕೆಲಸ ಮಾಡಿದ ಒಂದು ಟೀಮ್‌ನಲ್ಲಿ ‘ಕೆಲಸ ಒಬ್ಬರಿಂದ ಒಬ್ಬರಿಗೆ ಸಲೀಸಾಗಿ ದಾಟುತ್ತದೆ’ ಅನ್ನುವ ವಾಕ್ಯಕ್ಕೆ ನಾನು ಮೊದಲ ಸಲ 4 ಕೊಟ್ಟಿದ್ದೆ. ಆಗ ನಮ್ಮ ಪದ್ಧತಿ ಏನಿತ್ತು ಗೊತ್ತಾ? ಹೊರಡುವಾಗ ಪಕ್ಕದವರಿಗೆ ‘ಅದೊಂದು ಬಾಕಿ ಇದೆ, ನೋಡ್ಕೊಳ್ಳಿ’ ಅಂತ ಹೇಳಿ ಬ್ಯಾಗ್ ಎತ್ತಿಕೊಳ್ಳುವುದು. ಒಂದು ವರ್ಷದಲ್ಲಿ ನಾವು ಸುಧಾರಿಸಿದೆವು. ಏನು ಮುಗಿದಿದೆ, ಏನು ಉಳಿದಿದೆ, ಎಲ್ಲಿ ಎಡವಬಹುದು, ಎಲ್ಲ ಬರೆದಿಟ್ಟೇ ಏಳುತ್ತಿದ್ದೆವು. ಆಗ ಬಂದ ಸರ್ವೇಯಲ್ಲಿ ಅದೇ ವಾಕ್ಯಕ್ಕೆ ನಾನು 3 ಕೊಟ್ಟೆ. ಯಾಕೆಂದರೆ ಒಳ್ಳೆಯ ಹಸ್ತಾಂತರ ಹೇಗಿರುತ್ತದೆ ಅಂತ ಅಷ್ಟರಲ್ಲಿ ಗೊತ್ತಾಗಿತ್ತು, ನಮ್ಮದು ಇನ್ನೂ ಅಲ್ಲಿಗೆ ಮುಟ್ಟಿಲ್ಲ ಅನ್ನುವುದೂ ಗೊತ್ತಾಗಿತ್ತು. ಇನ್ನೂ ಕೆಲವರು ಹಾಗೇ ಮಾಡಿದ್ದರು. ಅಂಕ ಇಳಿದದ್ದು ನೋಡಿ ಮೇಲಿನವರು ಗಾಬರಿಯಾಗಿ ಮೀಟಿಂಗ್ ಕರೆದರು. ಚೆನ್ನಾಗಿ ಕೆಲಸ ಮಾಡುವ ತಂಡವೊಂದು ‘ಏನು ತಪ್ಪಾಯಿತು’ ಅಂತ ಒಂದು ಮಧ್ಯಾಹ್ನ ಪೂರ್ತಿ ತಲೆಕೆಡಿಸಿಕೊಂಡಿತು.

ಈ ಗೋಜಲಿಗೆ 1976ರಲ್ಲೇ ಹೆಸರಿಟ್ಟವರಿದ್ದಾರೆ. ರಾಬರ್ಟ್ ಗೊಲೆಂಬ್ಯೂಸ್ಕಿ ಮತ್ತು ಇಬ್ಬರು ಜೊತೆಗಾರರು ಬದಲಾವಣೆಯನ್ನು ಮೂರು ಬಗೆಯಾಗಿ ಬಿಡಿಸಿದರು. ನಿಜವಾಗಿಯೂ ವಸ್ತುಸ್ಥಿತಿ ಬದಲಾಗಿ ಅಂಕ ಬದಲಾದರೆ ಅದು ಆಲ್ಫಾ. ವಸ್ತುಸ್ಥಿತಿ ಹೇಗೇ ಇರಲಿ, ಜನರ ಮನಸ್ಸಿನಲ್ಲಿರುವ ಅಳತೆಪಟ್ಟಿ ಹಿಗ್ಗಿದರೆ ಅಥವಾ ಕುಗ್ಗಿದರೆ ಅದು ಬೀಟಾ. ನನ್ನ 4 ಮತ್ತು 3ರ ಕಥೆ ಇದೇ. ಮೂರನೆಯದು ಗಾಮಾ: ಅಳೆಯುತ್ತಿರುವ ವಿಷಯದ ಅರ್ಥವೇ ಬದಲಾಗುವುದು. ಶುರುವಿನಲ್ಲಿ ‘ಸಹಕಾರ’ ಅಂದರೆ ನಗುನಗುತ್ತಾ ಮಾತಾಡುವುದು ಅಂದುಕೊಂಡಿದ್ದವರು, ವರ್ಷದ ಕೊನೆಗೆ ‘ಸಹಕಾರ’ ಅಂದರೆ ತಪ್ಪು ಕಂಡಾಗ ಮುಖಕ್ಕೆ ಹೇಳುವುದು ಅಂದುಕೊಂಡಿದ್ದರೆ, ಎರಡೂ ಸಲದ ಅಂಕ ಹೋಲಿಸಿ ಪ್ರಯೋಜನವಿಲ್ಲ. ಒಂದು ಕಿಲೋದಲ್ಲಿದೆ, ಇನ್ನೊಂದು ಮೀಟರಿನಲ್ಲಿದೆ.

ಇದನ್ನು ಹಿಡಿಯಲು ಸಂಖ್ಯಾಶಾಸ್ತ್ರದಲ್ಲಿ ದಾರಿಗಳಿವೆ. ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿರುವ ರೀತಿ ಎರಡೂ ಸಲ ಒಂದೇ ಇದೆಯಾ ಅಂತ ನೋಡುತ್ತಾರೆ. ಅದಕ್ಕೆ ತಂಡಗಳು ಜಾಸ್ತಿ ಬೇಕು, ತಜ್ಞರೂ ಬೇಕು. ಐದು ಜನರ ಟೀಮ್‌ಗೆ ಕೈಗೆಟಕುವ ಉಪಾಯ ಇನ್ನೊಂದಿದೆ. ಎರಡನೇ ಸರ್ವೇಯಲ್ಲಿ ‘ಈಗ ಎಷ್ಟು?’ ಜೊತೆಗೆ ‘ವರ್ಷದ ಹಿಂದೆ ಎಷ್ಟಿತ್ತು ಅಂತ ಈಗ ಅನ್ನಿಸುತ್ತದೆ?’ ಅಂತಲೂ ಕೇಳುವುದು. ನನ್ನನ್ನು ಕೇಳಿದ್ದರೆ ‘ಆಗ 1, ಈಗ 3’ ಅನ್ನುತ್ತಿದ್ದೆ. ಇಳಿತದಂತೆ ಕಂಡದ್ದು ಏರಿಕೆಯಾಗುತ್ತಿತ್ತು. ನೆನಪಿಗೆ ಬಣ್ಣ ಬಳಿಯುವ ಚಟ ಇದೆ ನಿಜ. ಪಟ್ಟ ಕಷ್ಟಕ್ಕೆ ಫಲ ಸಿಕ್ಕಿದೆ ಅಂತ ತೋರಿಸಿಕೊಳ್ಳಲು ಹಳೆಯದನ್ನು ಇನ್ನಷ್ಟು ಕೆಟ್ಟದಾಗಿ ನೆನೆಯುತ್ತೇವೆ. ಆದ್ದರಿಂದ ಈ ಅಂಕ ಮೊದಲಿನದರ ಬದಲಿಗೆ ಬೇಡ, ಅದರ ಪಕ್ಕದಲ್ಲಿ ಇರಲಿ.

ಕೇಳುವ ಬದಲು ನೋಡಿದರೆ?

ಜನರ ಅಭಿಪ್ರಾಯವೇ ಇಷ್ಟು ಜಾರುವುದಾದರೆ, ನಡೆದದ್ದನ್ನೇ ಎಣಿಸಬಾರದಾ? 1950ರಲ್ಲೇ ರಾಬರ್ಟ್ ಬೇಲ್ಸ್ ಅದನ್ನು ಮಾಡಿದರು. ಗುಂಪಿನಲ್ಲಿ ಯಾರು ಯಾರಿಗೆ ಏನು ಹೇಳಿದರು ಅನ್ನುವುದನ್ನು ವೀಕ್ಷಕರು 12 ಬಗೆಯಾಗಿ ಗುರುತು ಹಾಕುತ್ತಿದ್ದರು: ಒಪ್ಪಿದರು, ಸಲಹೆ ಕೊಟ್ಟರು, ಅಭಿಪ್ರಾಯ ಕೇಳಿದರು, ಸಿಡುಕಿದರು, ಹೀಗೆ. ಪಕ್ಕಾ ಕೆಲಸ, ಆದರೆ ಬೆನ್ನು ಮುರಿಯುವ ಕೆಲಸ. ಆಮೇಲೆ ಎಂಐಟಿಯ ಸ್ಯಾಂಡಿ ಪೆಂಟ್‌ಲೆಂಡ್ ತಂಡ ಕೊರಳಿಗೆ ಹಾಕುವ ಬ್ಯಾಡ್ಜ್‌ಗಳನ್ನು ತಂದಿತು. ಯಾರು ಯಾರ ಎದುರು ನಿಂತರು, ಎಷ್ಟು ಮಾತಾಡಿದರು, ದನಿ ಹೇಗಿತ್ತು ಅನ್ನುವುದನ್ನು ಅವೇ ದಾಖಲಿಸುತ್ತಿದ್ದವು. ಈಗ ಚಾಟ್, ಇಮೇಲ್, ಕ್ಯಾಲೆಂಡರ್ ಇವೆಲ್ಲ ತಮ್ಮಷ್ಟಕ್ಕೆ ಜಾಡು ಬಿಡುತ್ತವೆ. ಹೆಕ್ಕುವುದು ಸುಲಭ. ಗಮನಿಸುತ್ತಿದ್ದಾರೆ ಅಂತ ಗೊತ್ತಾದ ದಿನದಿಂದ ಜನ ಮುಖ್ಯವಾದ ಮಾತನ್ನು ಬೇರೆ ಕಡೆ ಆಡುತ್ತಾರೆ, ಅದೂ ಅಷ್ಟೇ ಸುಲಭ.

ಎಣಿಕೆಯೂ ಮೋಸ ಮಾಡುತ್ತದೆ ಅನ್ನುವುದಕ್ಕೆ ಏಮಿ ಎಡ್ಮಂಡ್ಸನ್ ಅವರ ಅನುಭವಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆಸ್ಪತ್ರೆಗಳ ವಾರ್ಡ್‌ಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅವರು ನೋಡುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಮ್ಮಿ ಇರಬೇಕು ಅನ್ನುವುದು ನಿರೀಕ್ಷೆ. ಅಂಕಿಅಂಶ ಬಂದಾಗ ತಲೆಕೆಳಗು. ಒಳ್ಳೆಯ ನಾಯಕತ್ವ, ಒಳ್ಳೆಯ ಹೊಂದಾಣಿಕೆ ಇದ್ದ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿದ್ದವು. ಆಮೇಲೆ ಈ ಫಲಿತಾಂಶ ಗೊತ್ತಿಲ್ಲದ ಒಬ್ಬ ಸಹಾಯಕರನ್ನು ವಾರ್ಡ್‌ಗಳಿಗೆ ಕಳಿಸಿ ನೋಡಿದಾಗ ಕಾರಣ ಸಿಕ್ಕಿತು. ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ. ಉಳಿದ ಕಡೆ ತಪ್ಪು ಆಗುತ್ತಿತ್ತು, ಪುಸ್ತಕಕ್ಕೆ ಬರುತ್ತಿರಲಿಲ್ಲ. 1996ರಲ್ಲಿ ಇದು ಪ್ರಕಟವಾಯಿತು. 1999ರಲ್ಲಿ ಒಂದು ತಯಾರಿಕಾ ಕಂಪನಿಯ 51 ತಂಡಗಳನ್ನು ಏಳು ವಾಕ್ಯಗಳ ಪ್ರಶ್ನಾವಳಿಯಿಂದ ಅಳೆದು, ಈ ನಿರ್ಭೀತಿಗೂ ತಂಡ ಕಲಿಯುವುದಕ್ಕೂ ಇರುವ ನಂಟನ್ನು ತೋರಿಸಿದರು.

ಕಾಲದ ಲೆಕ್ಕದಲ್ಲಿ ಇದರ ಅರ್ಥ ಏನು? ತಂಡವೊಂದು ಬೆಳೆಯುತ್ತಿದ್ದರೆ, ದಾಖಲಾಗುವ ತಪ್ಪುಗಳ ಗೆರೆ ಮೊದಲು ಏರಬಹುದು. ತಪ್ಪು ಹೆಚ್ಚಿದ್ದರಿಂದಲ್ಲ, ಬಾಯಿ ಬಿಚ್ಚಿದ್ದರಿಂದ. ಆ ಏರಿಕೆ ನೋಡಿ ಬೈದರೆ ಗೆರೆ ಕೂಡಲೇ ಇಳಿಯುತ್ತದೆ, ಚಾರ್ಟ್ ಚಂದ ಕಾಣುತ್ತದೆ.

ಹೋಲಿಸುವಾಗ ಎಡವುವ ಜಾಗಗಳು

1982ರಲ್ಲಿ ರಾಲ್ಫ್ ಕ್ಯಾಟ್ಜ್ 50 ಸಂಶೋಧನಾ ತಂಡಗಳನ್ನು ನೋಡಿ ಒಂದು ಕುತೂಹಲದ ಮಾತು ಹೇಳಿದರು. ಸದಸ್ಯರು ಜೊತೆಗಿದ್ದ ಅವಧಿ ಹೆಚ್ಚಿದಂತೆ ತಂಡದ ಕೆಲಸ ಸುಧಾರಿಸುತ್ತದೆ, ಆದರೆ ಸುಮಾರು ಐದು ವರ್ಷ ದಾಟಿದ ತಂಡಗಳಲ್ಲಿ ಅದು ಕುಸಿಯುತ್ತದೆ. ಕಾರಣವಾಗಿ ಕಂಡದ್ದು ಮಾತುಕತೆ. ಹಳೆಯ ತಂಡಗಳು ಹೊರಗಿನವರ ಜೊತೆಗೂ, ತಮ್ಮತಮ್ಮಲ್ಲೂ ಕಮ್ಮಿ ಮಾತಾಡುತ್ತಿದ್ದವು. ಎಲ್ಲ ಗೊತ್ತು ಅನ್ನುವ ಭಾವ ಬಂದಮೇಲೆ ಕೇಳುವುದಾದರೂ ಏನು?

ಕೇಳಲು ಸರಿಯಾಗೇ ಇದೆ. ಆದರೆ ಇಲ್ಲಿ ಒಂದೇ ತಂಡವನ್ನು ಐದು ವರ್ಷ ಹಿಂಬಾಲಿಸಿಲ್ಲ. ಬೇರೆ ಬೇರೆ ವಯಸ್ಸಿನ ತಂಡಗಳನ್ನು ಪಕ್ಕಪಕ್ಕ ಇಟ್ಟು ನೋಡಲಾಗಿದೆ. ಬೀದಿಯಲ್ಲಿ ಕಂಡ ಮಕ್ಕಳನ್ನೂ ಮುದುಕರನ್ನೂ ನೋಡಿ ಒಬ್ಬ ಮನುಷ್ಯನ ಬಾಳನ್ನು ಊಹಿಸಿದ ಹಾಗೆ. ಆ ಮುದುಕರು ಬೇರೆ ಕಾಲದಲ್ಲಿ, ಬೇರೆ ಪರಿಸ್ಥಿತಿಯಲ್ಲಿ ಬೆಳೆದವರು. ಹಳೆಯ ತಂಡಗಳಿಗೆ ಹಳೆಯ ಬಗೆಯ ಕೆಲಸವೇ ಸಿಕ್ಕಿರಬಹುದು.

ಇನ್ನೊಂದು ಗುಂಡಿ ಇದಕ್ಕಿಂತ ಆಳ. 20 ತಂಡಗಳಿಗೆ ಸರ್ವೇ ಮಾಡಿ, ತೀರಾ ಕೆಳಗಿರುವ ಮೂರಕ್ಕೆ ತರಬೇತಿ ಕೊಟ್ಟು, ಮತ್ತೆ ಅಳೆದರೆ ಅಂಕ ಏರಿರುತ್ತದೆ. ತರಬೇತಿ ಕೊಡದೇ ಇದ್ದಿದ್ದರೂ ಬಹುಪಾಲು ಏರುತ್ತಿತ್ತು. ಯಾಕೆಂದರೆ ತೀರಾ ಕೆಳಗೆ ಬರಲು ಸ್ವಲ್ಪ ದುರದೃಷ್ಟವೂ ಸೇರಿರುತ್ತದೆ: ಸರ್ವೇ ಬಂದ ವಾರ ಡೆಡ್‌ಲೈನ್ ತಪ್ಪಿತ್ತು, ಯಾರೋ ಜಗಳ ಆಡಿದ್ದರು. ಮುಂದಿನ ಸಲ ಆ ವಾರ ಇರುವುದಿಲ್ಲ. ಮೇಲ್ತುದಿಯ ತಂಡಗಳು ಇದೇ ಕಾರಣಕ್ಕೆ ಇಳಿಯುತ್ತವೆ. ತರಬೇತಿ ಸಿಗದ ಕೆಳಗಿನ ತಂಡಗಳನ್ನೂ ಜೊತೆಗೆ ಅಳೆದು ಹೋಲಿಸದಿದ್ದರೆ, ಪಾಪ, ತರಬೇತಿ ಕೊಟ್ಟವರಿಗೂ ತಮ್ಮ ಕೆಲಸ ಫಲಿಸಿತೋ ಇಲ್ಲವೋ ಗೊತ್ತಾಗುವುದಿಲ್ಲ.

ಹಾಗಾದರೆ ಏನು ಮಾಡಬಹುದು?

ನನ್ನನ್ನು ಕೇಳಿದರೆ, ಸಣ್ಣದಾಗಿ ಶುರುಮಾಡಿ. 60 ವಾಕ್ಯದ ಪ್ರಶ್ನಾವಳಿಯನ್ನು ತಿಂಗಳು ತಿಂಗಳು ಕೊಟ್ಟರೆ ಮೂರನೇ ಸಲಕ್ಕೆ ಜನ ಎಲ್ಲದಕ್ಕೂ 3 ಒತ್ತಿ ಎದ್ದುಹೋಗುತ್ತಾರೆ. ಐದಾರು ವಾಕ್ಯ ಸಾಕು, ಆದರೆ ಪ್ರತಿ ಸಲವೂ ಅಕ್ಷರ ಬದಲಾಗದಂತೆ ಅವೇ ಇರಲಿ. ಯಾರು ಬಂದರು, ಯಾರು ಹೋದರು ಅನ್ನುವುದನ್ನು ಚಾರ್ಟ್ ಮೇಲೇ ಗುರುತು ಮಾಡಿ. ಉಳಿದವರ ಗೆರೆ ಬೇರೆ, ಎಲ್ಲರ ಗೆರೆ ಬೇರೆ ಎಳೆಯಿರಿ. ಮೊದಲಿನ ಉದಾಹರಣೆಯಲ್ಲಿ ಇದೊಂದನ್ನು ಮಾಡಿದ್ದರೂ 4.2ರ ಬಣ್ಣ ಬಯಲಾಗುತ್ತಿತ್ತು. ಉಳಿದ ಮೂವರ ಸರಾಸರಿ ನಾಲ್ಕನೇ ತಿಂಗಳೂ 4.3, ಎಂಟನೇ ತಿಂಗಳೂ 4.3.

ಅಂಕಗಳ ಪಕ್ಕ ಒಂದು ಸಾದಾ ದಿನಚರಿ ಇರಲಿ. ಇಂಥ ವಾರ ಗ್ರಾಹಕರು ಬದಲಾದರು, ಇಂಥ ವಾರ ಮ್ಯಾನೇಜರ್ ರಜೆಯಲ್ಲಿದ್ದರು. ಗೆರೆ ಯಾಕೆ ತಿರುಗಿತು ಅನ್ನುವುದಕ್ಕೆ ಉತ್ತರ ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಇನ್ನೊಂದು, ಐದು ಜನರ ಟೀಮ್‌ನಲ್ಲಿ ‘ಹೆಸರು ಹಾಕುವುದಿಲ್ಲ’ ಅನ್ನುವ ಭರವಸೆಗೆ ಅರ್ಥ ಕಮ್ಮಿ. ಎರಡು 1 ಕಂಡರೆ ಯಾರದು ಅಂತ ಎಲ್ಲರಿಗೂ ಗೊತ್ತು. ಮೇಲಿನವರ ಕೈಗೆ ಬಿಡಿ ಅಂಕ ಹೋಗುವುದಿಲ್ಲ ಅನ್ನುವುದು ಮೊದಲೇ ಗಟ್ಟಿಯಾಗಬೇಕು.

ಅಳೆಯುವಷ್ಟು ಬಾಳದ ತಂಡಗಳೂ ಇವೆ. ವಿಮಾನದ ಕಾಕ್‌ಪಿಟ್‌ನಲ್ಲಿ ಕೂರುವ ಇಬ್ಬರೋ ಮೂವರೋ ಇಂದು ಜೊತೆಯಾಗಿ, ಕೆಲವೇ ದಿನಕ್ಕೆ ಬೇರೆಯಾಗುತ್ತಾರೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 1994ರಲ್ಲಿ, ಸಿಬ್ಬಂದಿಯ ಪಾತ್ರವಿದ್ದ 37 ದೊಡ್ಡ ಅಪಘಾತಗಳನ್ನು ಪರಿಶೀಲಿಸಿತು. ಮಾಹಿತಿ ಸಿಕ್ಕವುಗಳ ಪೈಕಿ ಶೇ. 73ರಷ್ಟು ಕ್ಯಾಪ್ಟನ್ ಮತ್ತು ಸಹ ಪೈಲಟ್ ಜೊತೆಯಾದ ಮೊದಲ ದಿನವೇ ಆಗಿದ್ದವು. ಶೇ. 44ರಷ್ಟು ಮೊದಲ ಹಾರಾಟದಲ್ಲೇ. ಹೊಸ ಜೋಡಿಗೆ ಅಪಾಯ ಜಾಸ್ತಿ ಅನ್ನಲು ಇದನ್ನು ಬೇಕಾದಷ್ಟು ಕಡೆ ಹೇಳುತ್ತಾರೆ. ಹೇಳುವಾಗ 73ರ ಪಕ್ಕ ಇನ್ನೊಂದು ಸಂಖ್ಯೆಯನ್ನೂ ಇಡಬೇಕು: ಏನೂ ಆಗದೆ ಸುಖವಾಗಿ ಇಳಿದ ವಿಮಾನಗಳಲ್ಲಿ ಎಷ್ಟು ಪಾಲು, ಆ ಇಬ್ಬರ ಮೊದಲ ದಿನವೇ ಹಾರಿದ್ದವು? ಜೋಡಿಗಳು ಎರಡೇ ದಿನಕ್ಕೆ ಬದಲಾಗುವ ಕಡೆ ಆ ಪಾಲು ಹೇಗೂ ದೊಡ್ಡದೇ ಇರುತ್ತದೆ.